ಯಾವುದರ ಮೂಳೆ?

ಡೆಲ್ಫ್ಟ್, ನೆದರ್‌ಲ್ಯಾಂಡ್ಸ್
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಫೋನಿನಲ್ಲಿ ಆಡಬಹುದಾದ ಮಾತಿಗೆ ಇವನು ಪತ್ರ ಏಕೆ ಬರೆಯುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು ಊಟ ಆಯಿತೇ, ಚಳಿ ಹೇಗಿದೆ ಎಂದು ಎರಡು ಪ್ರಶ್ನೆ ಕೇಳಿ ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಪತ್ರವಾದರೆ ಅಂಗಡಿಯ ಬಾಗಿಲು ಹಾಕಿದ ಮೇಲೆ, ಲೆಕ್ಕದ ಪುಸ್ತಕಕ್ಕೆ ಹಾಕಿಕೊಳ್ಳುವ ಕನ್ನಡಕದಲ್ಲಿಯೇ, ಕೊನೆಯ ಸಾಲಿನವರೆಗೆ ಓದುತ್ತೀರಿ. ನನಗೆ ಬೇಕಾಗಿರುವುದು ಆ ಓದು.

ವಿಷಯ ನಿಮ್ಮ ಮಗಳು ಪುಟ್ಟಿಯದು. ಅವಳು ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತೇನೆಂದದ್ದು, ದೊಡ್ಡಪ್ಪ ನಕ್ಕದ್ದು, ನೀವು ಸುಮ್ಮನಾದದ್ದು, ಎಲ್ಲವನ್ನೂ ಅವ್ವ ಹೇಳಿದಳು. "ಚಳ್ಳಕೆರೆ ಹತ್ತಿರದ ಕುದಾಪುರದ ವಿಜ್ಞಾನ ಸಂಸ್ಥೆಗಳಲ್ಲಿ ನಡೆಯುವುದು ಸಂಶೋಧನೆ. ಕುರಿ ಎಣಿಸುವುದಕ್ಕೂ ಡಾಕ್ಟರ್ ಪದವಿ ಕೊಡುತ್ತಾರೇನು?" ಎಂದರಂತೆ ದೊಡ್ಡಪ್ಪ.

ಅವರ ಹೆಮ್ಮೆಯಲ್ಲಿ ನನಗೂ ಪಾಲಿದೆ. 2023ರ ಏಪ್ರಿಲ್ 2ರಂದು ಇಸ್ರೊದವರು ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿಗೆ ತೂಗುಹಾಕಿ ಒಯ್ದು, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಅದು ತನ್ನಷ್ಟಕ್ಕೆ ದಾರಿ ಹಿಡಿದು ಚಳ್ಳಕೆರೆಯ ಪರೀಕ್ಷಾ ನೆಲೆಯ ರನ್‌ವೇಗೆ ಇಳಿಯಿತು. ಆ ವಿಡಿಯೊವನ್ನು ಪ್ರಯೋಗಾಲಯದ ಎಲ್ಲರಿಗೂ ಹಿಡಿದು ಹಿಡಿದು ತೋರಿಸಿದವನು ನಾನು. ಆದರೆ ಅಪ್ಪಾಜಿ, ಆ ನೆಲೆ, ಆ ಸಂಸ್ಥೆಗಳು ಬಂದದ್ದು ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟಿದ್ದ ಕಾವಲಿನ ಹುಲ್ಲುಗಾವಲಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ ಅಲ್ಲಿ 1,500 ಎಕರೆ ಹೋಯಿತು. ಕಾವಲನ್ನು ನಂಬಿದ್ದ ಊರುಗಳ ಜನರ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ನಿಮಗೆ ನೆನಪಿರಬೇಕು. ಕಾವಲು ಕಿರಿದಾದ ಮೇಲೆ ಕುರಿ ಎಲ್ಲಿಗೆ ಹೋಯಿತು, ಉಣ್ಣೆ ಎಲ್ಲಿಗೆ ಹೋಯಿತು, ಕಂಬಳಿ ನೇಯುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ ಎನ್ನುವುದು ಪುಟ್ಟಿಯ ಪ್ರಶ್ನೆ. ನನ್ನ ಚಿಕ್ಕಂದಿನಲ್ಲಿ ನಮ್ಮ ಅಂಗಡಿಯ ಅಟ್ಟದ ಮೇಲೆ ಚಳ್ಳಕೆರೆ ಕಂಬಳಿಯ ಕಟ್ಟುಗಳಿರುತ್ತಿದ್ದವು. ಈಗ ಆ ಜಾಗದಲ್ಲಿ ಪಾಣಿಪತ್ತಿನ ಗಿರಣಿ ಹೊದಿಕೆಗಳಿವೆ. ಲಕ್ಷ್ಮೀ ಬಜಾರಿನಲ್ಲಿ ಇಷ್ಟು ವರ್ಷ ಬಟ್ಟೆ ಮಾರಿದ ನಿಮಗೂ ಈ ಬದಲಾವಣೆಯ ಅರ್ಧ ಕಾರಣ ಗೊತ್ತು. ಉಳಿದರ್ಧವನ್ನು ಅವಳು ಹುಡುಕುತ್ತೇನೆನ್ನುತ್ತಿದ್ದಾಳೆ.

ಇನ್ನು ನನ್ನ ಕಥೆ. ಇದನ್ನು ನಿಮಗೆ ಈವರೆಗೆ ಪೂರ್ತಿ ಹೇಳಿಲ್ಲ, ಏಕೆಂದರೆ ಇದರಲ್ಲಿ ನನ್ನ ದಡ್ಡತನವೇ ಹೆಚ್ಚು.

ನಾನು ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಕೆಲಸ ಮಾಡುತ್ತೇನೆಂದು ನಿಮಗೆ ಗೊತ್ತು. ಅಜ್ಜಿಯ ಊರಿನವರ ಹಲ್ಲಿನ ಮೇಲಿನ ಕಂದು ಗೆರೆ, ಐವತ್ತಕ್ಕೇ ಮಡಚಲು ಬಾರದ ಮಂಡಿ, ಎಲ್ಲಕ್ಕೂ ಮೂಲ ಅದೇ. ನಮ್ಮ ಕಡೆಯ ಕಲ್ಲಿನಲ್ಲಿಯೇ ಅದು ಇದೆ. ನೀರು ಆಳದಲ್ಲಿ ಬಹುಕಾಲ ಕಲ್ಲಿನ ಸಂಗದಲ್ಲಿದ್ದಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನಷ್ಟು ಗಟ್ಟಿಯಾಗುತ್ತದೆ.

ಮೊದಲ ವರ್ಷ ಭಟ್ಟಿ ಇಳಿಸಿದ ಶುದ್ಧ ನೀರಿಗೆ ಅಳತೆಯಾಗಿ ಫ್ಲೋರೈಡ್ ಬೆರೆಸಿ, ಫ್ಲೋರೈಡನ್ನು ಹಿಡಿಯುವ ಅಲ್ಯುಮಿನಾ ಪುಡಿಯ ಕೊಳವೆಯಲ್ಲಿ ಹಾಯಿಸಿದೆ. ಫಲಿತಾಂಶ ಎಷ್ಟು ಚೆನ್ನಾಗಿ ಬಂದಿತೆಂದರೆ ಅಂದು ಅವ್ವನಿಗೆ ಫೋನು ಮಾಡಿ ಕುಣಿದಿದ್ದೆ. ಆಮೇಲೆ ನಮ್ಮ ಕೊಳವೆಬಾವಿಯ ನೀರಿನಂತೆಯೇ ಉಪ್ಪು, ಬೈಕಾರ್ಬೊನೇಟ್ ಸೇರಿಸಿ ಹಾಯಿಸಿದಾಗ ಪುಡಿಯ ಸಾಮರ್ಥ್ಯ ಅರ್ಧಕ್ಕೆ ಇಳಿಯಿತು. ಫ್ಲೋರೈಡಿಗೆ ಹಾಸಿದ್ದ ಎಲೆಯಲ್ಲಿ ಬೈಕಾರ್ಬೊನೇಟ್ ಬಂದು ಊಟಕ್ಕೆ ಕೂತಿತ್ತು.

ಆಗ ಮೂಳೆ ಇದ್ದಿಲಿನ ಕಡೆ ತಿರುಗಿದೆ. ದನದ ಮೂಳೆಯನ್ನು ಗಾಳಿ ಹೆಚ್ಚು ತಾಗದಂತೆ ಸುಟ್ಟು ಮಾಡಿದ ಇದ್ದಿಲು ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತದೆ, ಅಗ್ಗವೂ ಹೌದು. ಆಫ್ರಿಕಾದ ರಿಫ್ಟ್ ಕಣಿವೆಯಲ್ಲಿಯೂ ಇದೇ ಗೋಳು. ಕೀನ್ಯಾದಲ್ಲಿ ಇಂಥ ಫಿಲ್ಟರುಗಳನ್ನು ಬಳಸಿದ್ದಾರೆ. ನನ್ನ ಪಕ್ಕದ ಮೇಜಿನ ಇಥಿಯೋಪಿಯಾದ ಗೆಳೆಯ ಅವುಗಳ ವಿಷಯ ಹೇಳಿದ. ಉತ್ಸಾಹ ತಡೆಯದೆ ಅಜ್ಜಿಗೆ ಫೋನು ಮಾಡಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ಒಂದೇ ಮಾತು ಕೇಳಿದರು: "ಯಾವುದರ ಮೂಳೆ?"

"ದನದ್ದು ಅಜ್ಜಿ, ಆದರೆ..."

'ಆದರೆ'ಯ ಮುಂದಿನ ರಸಾಯನಶಾಸ್ತ್ರವನ್ನು ಅವರು ಕೇಳಿಸಿಕೊಳ್ಳಲಿಲ್ಲ. ಅದೇ ನೀರಿನಲ್ಲಿ ದಿನವೂ ಬೆಳಿಗ್ಗೆ ಇಷ್ಟಲಿಂಗಕ್ಕೆ ಮಜ್ಜನ ಮಾಡಿಸುವವರು ಅವರು. ಅಂಥ ಮನೆಯಲ್ಲಿ ಹುಟ್ಟಿದ ನನಗೆ, ನಾಲ್ಕು ತಿಂಗಳು ಮೂಳೆ ಸುಡುವಾಗ, ಒಮ್ಮೆಯೂ ಇದು ಹೊಳೆಯಲಿಲ್ಲವಲ್ಲ! ನನಗೆ ಅಲ್ಲಿ ಊಟ ಸರಿಯಿಲ್ಲವೇನೋ, ತಲೆ ಹೀಗೆ ಓಡುತ್ತಿದೆ ಎಂದು ಅಜ್ಜಿ ಆಮೇಲೆ ಅವ್ವನ ಹತ್ತಿರ ಕೊರಗಿದರಂತೆ.

ಇದನ್ನು ಹೇಳಿದಾಗ ನನ್ನ ಮಾರ್ಗದರ್ಶಕರು ನಗಲಿಲ್ಲ. ಇಲ್ಲಿ ತೀಲ್ ಎಂಬ ಊರಿದೆ. ನಮ್ಮಲ್ಲಿ ಹೆಚ್ಚಾಗಿ ಕಾಡುವ ಫ್ಲೋರೈಡ್ ಇಲ್ಲಿನ ನೀರಿನಲ್ಲಿ ಕಡಿಮೆ. ಹಲ್ಲು ಹುಳುಕಾಗಬಾರದೆಂದು 1953ರಿಂದ ಆ ಊರಿನ ನೀರಿಗೆ ಅದನ್ನು ಸೇರಿಸಿ, ಕುಲೆಂಬೋರ್ಗ್ ಎಂಬ ಇನ್ನೊಂದು ಊರಿನ ಮಕ್ಕಳ ಹಲ್ಲಿನೊಂದಿಗೆ ವರ್ಷಗಟ್ಟಲೆ ಹೋಲಿಸಿ ನೋಡಿದರು. ತೀಲ್‌ನ ಮಕ್ಕಳಲ್ಲಿ ಹುಳುಕು ಕಡಿಮೆಯಾಯಿತು. ಬೇರೆ ಊರುಗಳಿಗೂ ಹಬ್ಬಿಸಿದರು. ಜನ ಒಪ್ಪಲಿಲ್ಲ, ನಮ್ಮನ್ನು ಕೇಳದೆ ನಮ್ಮ ನಲ್ಲಿಗೆ ಔಷಧಿ ಹಾಕಲು ನೀವು ಯಾರು ಎಂದು ಕೋರ್ಟಿಗೆ ಹೋದರು. 1973ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಇದಕ್ಕೆ ಕಾನೂನಿನ ಆಧಾರವಿಲ್ಲವೆಂದಿತು; ಕೆಲವೇ ವರ್ಷಗಳಲ್ಲಿ ಪೂರ್ತಿ ನಿಂತುಹೋಯಿತು. "ದಂತವೈದ್ಯರ ಲೆಕ್ಕ ತಪ್ಪಿರಲಿಲ್ಲ, ಕೇಳಬೇಕಾದವರನ್ನು ಕೇಳಿರಲಿಲ್ಲ. ನಿನ್ನ ನೀರನ್ನು ಕುಡಿಯುವವರ ಹತ್ತಿರ ಯಾರು ಮಾತನಾಡಿದ್ದಾರೆ?" ಎಂದು ಕೇಳಿದರು ಮಾರ್ಗದರ್ಶಕರು. ಯಾರೂ ಇಲ್ಲ ಎಂದೆ.

ಹೋದ ಯುಗಾದಿಗೆ ಪುಟ್ಟಿ ಅಜ್ಜಿಯ ಊರಿನಲ್ಲಿ ಮೂರು ವಾರ ಉಳಿದದ್ದು ಇದಕ್ಕಾಗಿ. ಅವಳು ಬರಿದೆ ರಜೆಗೆ ಹೋಗಿದ್ದಳೆಂದು ನೀವು ತಿಳಿದಿದ್ದೀರಿ. ನಾನು ಇಲ್ಲಿಂದ ಠೀವಿಯಾಗಿ ಪ್ರಶ್ನೆಪಟ್ಟಿ ಕಳುಹಿಸಿದ್ದೆ. ಮೊದಲ ಪ್ರಶ್ನೆ: ನೀವು ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯುತ್ತೀರಿ? ಎರಡನೆಯ ಮನೆಯಲ್ಲಿಯೇ ಅವಳು ಅದನ್ನು ಹೊಡೆದುಹಾಕಿದಳು. ಲೀಟರಿನ ಲೆಕ್ಕದಲ್ಲಿ ಯಾರು ನೀರು ಕುಡಿಯುತ್ತಾರೆ? ಮನೆಮನೆಯ ಚೊಂಬನ್ನು ಅಳೆದುಕೊಂಡು, ಎಷ್ಟು ಚೊಂಬು ಎಂದು ಕೇಳಿದಳು. ಆಮೇಲೆ ಪಟ್ಟಿಯನ್ನೇ ಬದಿಗಿಟ್ಟು ಅಡುಗೆಮನೆಯಲ್ಲಿ ಕೂತು ನೋಡಿದಳು.

ಅವಳ ನೋಟ್‌ಬುಕ್ಕಿನಲ್ಲಿರುವುದು ಇದು. ಊರಿನಲ್ಲಿ ಶುದ್ಧ ನೀರಿನ ಘಟಕವಿದೆ. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಆ ನೀರು ಕುಡಿಯುವುದಕ್ಕೆ ಮಾತ್ರ. ಮುದ್ದೆ, ಸಾರು, ಅಂಬಲಿ, ಚಹಾ ಎಲ್ಲಕ್ಕೂ ಕೊಳವೆಬಾವಿಯದೇ. ಬೇಳೆ ಬೇಯದಿದ್ದರೆ ಮಾತ್ರ ಕ್ಯಾನಿನ ನೀರಿಗೆ ಕೈ ಹೋಗುತ್ತದೆ. ವಯಸ್ಸಾದವರಿಗೆ ಘಟಕದ ನೀರು ಸಪ್ಪೆ. ಮಂಡಿ ಹೆಚ್ಚು ನೋಯುವವರೇ ಅದನ್ನು ಕುಡಿಯದವರು. ಕ್ಯಾನು ಹೊರುವವಳು ಸೊಸೆ. ಅವಳು ತವರಿಗೆ ಹೋದ ವಾರ ಇಡೀ ಮನೆಗೆ ಕೊಳವೆಬಾವಿಯ ನೀರೇ ಗತಿ.

ಇದೆಲ್ಲ ಇಲ್ಲದೆಯೇ ನಾನು ಒಂದು ಪ್ರಬಂಧ ಬರೆದು ಪತ್ರಿಕೆಯೊಂದಕ್ಕೆ ಕಳುಹಿಸಿಯಾಗಿತ್ತು. ಅಲ್ಲಿ ಹೆಸರು ಹೇಳದ ಇಬ್ಬರು ಮೂವರು ಪರಿಣತರು ಅದನ್ನು ಓದಿ ತಪ್ಪು ಹುಡುಕುತ್ತಾರೆ. ಒಬ್ಬರು ಕೇಳಿದ್ದರು: ಅಡುಗೆಯ ನೀರನ್ನು ಏಕೆ ಲೆಕ್ಕಕ್ಕೆ ಹಿಡಿದಿಲ್ಲ? ಪ್ರಬಂಧ ವಾಪಸು ಬಂತು. ಈ ಅವಮಾನ ಇಲ್ಲಿ ಹಳೆಯದು ಬಿಡಿ. ಇದೇ ಡೆಲ್ಫ್ಟ್‌ನಲ್ಲಿ ಮುನ್ನೂರೈವತ್ತು ವರ್ಷಗಳ ಹಿಂದೆ ಲೇವನ್‌ಹುಕ್ ಎಂಬುವರಿದ್ದರು. ನಿಮ್ಮ ಹಾಗೆ ಬಟ್ಟೆ ವ್ಯಾಪಾರಿ, ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಕಾಳುಮೆಣಸು ಏಕೆ ಖಾರ ಎಂದು ನೋಡಲು ಅದನ್ನು ನೀರಿನಲ್ಲಿ ನೆನೆಹಾಕಿ, ತಾವೇ ಉಜ್ಜಿ ಮಾಡಿದ ಮಸೂರದಲ್ಲಿ ನೋಡಿದರೆ ಕಣ್ಣಿಗೆ ಕಾಣದ ಜೀವಿಗಳು ಓಡಾಡುತ್ತಿದ್ದವು. 1676ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪತ್ರ ಬರೆದರು. ಅವರು ನಂಬಲಿಲ್ಲ. ಕೊನೆಗೆ ಊರಿನ ಪಾದ್ರಿಗಳನ್ನು, ದೊಡ್ಡ ಮನುಷ್ಯರನ್ನು ಕರೆದು ತೋರಿಸಿ, ಅವರ ಕೈಯಿಂದ ಸಾಕ್ಷಿ ಬರೆಸಿ ಕಳುಹಿಸಬೇಕಾಯಿತು. ಅವರ ಸಮಾಧಿ ಇರುವ ಚರ್ಚಿನ ಮುಂದೆಯೇ ನನ್ನ ಸೈಕಲ್ಲಿನ ದಾರಿ.

ನನ್ನ ಪರ ಸಾಕ್ಷಿ ನುಡಿದದ್ದು ಪುಟ್ಟಿಯ ನೋಟ್‌ಬುಕ್ಕು. ಲೆಕ್ಕವನ್ನೆಲ್ಲ ಹೊಸದಾಗಿ ಹಾಕಿ, ಮುದ್ದೆಯ ನೀರನ್ನೂ ಸೇರಿಸಿ ಮತ್ತೆ ಕಳುಹಿಸಿದೆ. ಹೋದ ತಿಂಗಳು ಒಪ್ಪಿಗೆಯಾಯಿತು. ಅದರಲ್ಲಿ ಎರಡನೆಯ ಹೆಸರು ನಿಮ್ಮ ಮಗಳದು. ಇದನ್ನು ಅವಳು ನಿಮಗೆ ಹೇಳಿಲ್ಲವೆಂದು ನಿನ್ನೆಯಷ್ಟೇ ತಿಳಿಯಿತು. ಅಪ್ಪಾಜಿ ತಾವಾಗಿ ಒಪ್ಪಲಿ, ಇದನ್ನು ತೋರಿಸಿ ಒಪ್ಪಿಸುವುದು ಬೇಡ ಎಂದಳು. ನಾನು ಅಷ್ಟು ಸ್ವಾಭಿಮಾನಿಯಲ್ಲ, ಹೇಳಿಬಿಟ್ಟಿದ್ದೇನೆ.

ಖರ್ಚಿನ ಮಾತು: ನೆಟ್ ಪರೀಕ್ಷೆ ಪಾಸಾಗಿದ್ದಾಳೆ, ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಶಿಷ್ಯವೇತನ ಸ್ವಲ್ಪದರಲ್ಲಿ ತಪ್ಪಿದೆ, ಮತ್ತೆ ಬರೆಯುತ್ತಾಳೆ. ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ; ಸಿಗುವವರೆಗೆ ನಾನು ಕಳುಹಿಸುತ್ತೇನೆ. ಮದುವೆಯ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ಅವಳ ಹತ್ತಿರ ಇದೆ. ಅವಳನ್ನೇ ಕೂರಿಸಿಕೊಂಡು ಕೇಳಿ. ದೊಡ್ಡಪ್ಪ ಇಲ್ಲದ ಹೊತ್ತಿನಲ್ಲಿ.

ದೊಡ್ಡಪ್ಪನಿಗೂ ಒಂದು ಮಾತು ಹೇಳಿ. ಭಾನುವಾರಗಳಂದು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿ, ಮಯೂರಶರ್ಮ ಕೆರೆ ಕಟ್ಟಿಸಿದ ಶಾಸನದ ಬಂಡೆಯನ್ನು ನಮಗೆ ತೋರಿಸಿದವರು ಅವರೇ. 1929ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಅಲ್ಲಿ ಮಣ್ಣು ಅಗೆಯುವಾಗ, ಇದರಿಂದ ಯಾರಿಗೆ ಏನು ಬಂತು ಎಂದು ಕೇಳಿದ ದೊಡ್ಡಪ್ಪಂದಿರು ದುರ್ಗದಲ್ಲಿ ಆಗಲೂ ಇದ್ದಿರಬೇಕು. ಅವರು ಬೇಸರ ಮಾಡಿಕೊಳ್ಳುವಂತಿದ್ದರೆ ಈ ಸಾಲನ್ನು ಓದಿ ಹೇಳಬೇಡಿ.

ಮುಂದಿನ ವಾರ ನೀವು ಅಜ್ಜಿಯ ಊರಿಗೆ ಹೋಗುತ್ತೀರೆಂದು ಅವ್ವ ಹೇಳಿದಳು. ಪುಟ್ಟಿಯನ್ನೂ ಕರೆದುಕೊಂಡು ಹೋಗಿ. ಅವಳು ಶಾಲೆಯ ಹತ್ತಿರದ ಕೊಳವೆಬಾವಿಯಿಂದ ನೀರು ಹಿಡಿಯಬೇಕಾಗಿದೆ. ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನದು ಬೇಡ. ಫ್ಲೋರೈಡ್ ಗಾಜಿನೊಂದಿಗೆ ಬೆರೆಯುವ ಸ್ವಭಾವದ್ದು. ಮೊದಲು ಐದು ನಿಮಿಷ ನೀರು ಸುಮ್ಮನೆ ಹರಿಯಲಿ, ಆಮೇಲೆ ಹಿಡಿಯಲಿ. ಅವ್ವನಿಗೆ ಹೇಳಿ, ಶೇಂಗಾ ಚಟ್ನಿಪುಡಿ ಮುಗಿದು ಹದಿನೈದು ದಿನವಾಯಿತು.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಮೂಳೆಯನ್ನು ಕೈಬಿಟ್ಟಿದ್ದೇನೆಂದು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ.

ಇಂತಿ ನಿಮ್ಮ ಮಗ