ಪುಟ್ಟ ರೈಲಿಗೂ ಒಂದು ಮೇಜು ಕೊಡಿ

ಮಾನ್ಯರೇ,

ನಾನು ನಿವೃತ್ತ ಸ್ಟೇಷನ್ ಮಾಸ್ಟರ್. ಮಹಡಿ ಕೋಣೆಯಲ್ಲಿ ಹಳೇ ಪ್ಲೈವುಡ್ ಮೇಲೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲು ದಾರಿಯ ಒಂದು ತುಣುಕನ್ನು ಪುಟ್ಟ ಮಾದರಿಯಾಗಿ ಕಟ್ಟಿದ್ದೇನೆ. ಅಸಲಿ ದಾರಿಯಲ್ಲಿ 57 ಸುರಂಗ, ನನ್ನದರಲ್ಲಿ ಎರಡೇ. ಏರು ಮಾತ್ರ ಅಲ್ಲಿಯದೇ, 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಮಾದರಿ ರೈಲಿನವರು ಎಚ್‌ಒ ಎನ್ನುವ ಅಳತೆ, ಅಂದರೆ ಅಸಲಿನ 87ರಲ್ಲೊಂದು ಪಾಲು.

ಹೋದ ಭಾನುವಾರ ಇದೇ ಹುಚ್ಚಿನ ನಾಲ್ವರು ನೋಡಲು ಬಂದಿದ್ದರು. ಒಬ್ಬರು ಬಗ್ಗಿ ಹಳಿ ಮಟ್ಟಕ್ಕೆ ಕಣ್ಣಿಟ್ಟರು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. 87ರಿಂದ ಭಾಗಿಸಿದರೆ 19ಕ್ಕಿಂತ ಜಾಸ್ತಿ ಇರಬೇಕಲ್ವಾ? ‘ಇಂಜಿನ್ ನಮ್ದು, ಹಳಿ ಫಾರಿನ್ದು’ ಎಂದು ನಕ್ಕರು. ಆಮೇಲೆ ಟೀ ಚರಟ ಒಣಗಿಸಿ ಅಂಟಿಸಿದ್ದ ಮಣ್ಣನ್ನು ಬೆರಳಲ್ಲಿ ಮುಟ್ಟಿ ಸುಮ್ಮನಾದರು. ನನಗೆ ಅಷ್ಟು ಸಾಕಾಯಿತು.

ತೊಂದರೆ ಜಾಗದ್ದು. ಐದು ಜನ ನಿಂತರೆ ಬಾಗಿಲು ಹಾಕಲಾಗದು. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಹಳೇ ಇಂಜಿನ್‌ಗಳನ್ನು ಕಾಪಾಡುತ್ತಿದೆ. ಅಲ್ಲಿ ತಿಂಗಳಿಗೊಂದು ಭಾನುವಾರ ನಾಲ್ಕು ಮೇಜು ಕೊಟ್ಟರೆ ನಮ್ಮ ರೈಲು ತಂದು ಓಡಿಸುತ್ತೇವೆ. ಮಕ್ಕಳೂ ನೋಡಲಿ. ವೈರು, ಟ್ರಾನ್ಸ್‌ಫಾರ್ಮರ್ ನಮ್ಮದೇ, ಒಂದು ಪ್ಲಗ್ ಪಾಯಿಂಟ್ ತೋರಿಸಿದರಾಯಿತು.

— ನಿವೃತ್ತ ಸ್ಟೇಷನ್ ಮಾಸ್ಟರ್, ಮೈಸೂರು