ರೋಪ್‌ವೇ ಮೇಲಕ್ಕೆ, ಕಾರುಗಳು ಹಳ್ಳಿಗೆ

ಮಾನ್ಯರೇ,

ನಂದಿಬೆಟ್ಟಕ್ಕೆ ಸುಮಾರು 3 ಕಿ.ಮೀ. ರೋಪ್‌ವೇ ಹಾಕಲು 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಮೇಲೇರುವ ಜನ ಹೆಚ್ಚುತ್ತಾರೆ, ಸರಿ. ಅವರ ಕಾರುಗಳು ನಿಲ್ಲುವುದು ಮಾತ್ರ ಬುಡದ ಹಳ್ಳಿಗಳಲ್ಲೇ. ವಾರಾಂತ್ಯದ ಪಾಡು ಈಗಲೇ ನೋಡಿ. ಸೂರ್ಯೋದಯಕ್ಕೆಂದು ಬೆಂಗಳೂರಿನ ವಾಹನಗಳು ಗೇಟು ತೆರೆಯುವ ಮೊದಲೇ ಸಾಲುಗಟ್ಟುತ್ತವೆ. ಮೇಲಿನ ಪಾರ್ಕಿಂಗ್ ತುಂಬಿದರೆ ಒಂದು ಇಳಿದ ಮೇಲೆಯೇ ಇನ್ನೊಂದು ಹತ್ತಬೇಕು. ಕಾದು ಬೇಸತ್ತವರು ರಸ್ತೆ ಬದಿಯಲ್ಲೇ ನಿಲ್ಲಿಸುತ್ತಾರೆ, ಇದ್ದ ರಸ್ತೆಯೂ ಅರ್ಧವಾಗುತ್ತದೆ. ಸೇವಂತಿಗೆ, ಗುಲಾಬಿ ಹೊತ್ತು ಬೆಳಗಿನ ಮಾರುಕಟ್ಟೆಗೆ ಹೊರಟ ರೈತರ ಟೆಂಪೊ ಸಿಕ್ಕಿಕೊಳ್ಳುವುದು ಇದೇ ಹೊತ್ತಿನಲ್ಲಿ. ಎರಡು ಗಂಟೆ ತಡವಾದ ಹೂವಿಗೆ ರೇಟು ಎಲ್ಲಿಂದ ಬರಬೇಕು?

ಟಿಕೆಟ್ಟನ್ನು ಗಂಟೆವಾರು ಹಂಚಿ, ಮೇಲಿನ ಪಾರ್ಕಿಂಗ್‌ನಲ್ಲಿ ಹಿಡಿಸುವಷ್ಟೇ ಕಾರು ಬಿಡಲಿ. ಉಳಿದವರಿಗೆ ಬುಡದಿಂದ ಬಸ್ ಸಾಕು. ಪಾರ್ಕಿಂಗ್ ಶುಲ್ಕದಲ್ಲಿ ಗ್ರಾಮ ಪಂಚಾಯಿತಿಗೂ ಪಾಲಿರಲಿ. ರಸ್ತೆಬದಿಯ ಬಾಟಲಿ ಹೆಕ್ಕಿಸುವ ಖರ್ಚು ಅದರ ತಲೆಗೇ ತಾನೆ? ಇನ್ನು ನೀರು. ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಹುಟ್ಟುವ ಬೆಟ್ಟಸಾಲು ಇದು. ರೆಸಾರ್ಟ್‌ಗೆ ಹೊಸ ಕೊಳವೆಬಾವಿ ಕೊರೆಯಲು ಬಿಡುವ ಮುನ್ನ ಪಕ್ಕದ ತೋಟದ ಬಾವಿಯಲ್ಲಿ ಬೇಸಿಗೆಯಲ್ಲಿ ಎಷ್ಟು ನೀರಿರುತ್ತದೆ ಎಂದು ಅಳೆಯಲಿ.

– ನಂದಿ ಹೋಬಳಿಯ ಹೂ ಬೆಳೆಗಾರರು, ಚಿಕ್ಕಬಳ್ಳಾಪುರ