ಹೊಸ ಚುಕ್ಕೆ ಇಲ್ಲವಂತೆ, ಎಲ್ಲರಿಗೂ ಥ್ಯಾಂಕ್ಸ್

ಮೆದುಳಲ್ಲಿ ರಕ್ತಸ್ರಾವವಾಗಿ ನನಗೆ ಲಕ್ವ ಹೊಡೆದು ವರ್ಷವಾಯಿತು. ಹೋದ ವಾರ ಮತ್ತೆ ಎಂಆರ್‌ಐ ಮಾಡಿಸಿದೆವು. ಮೆದುಳಲ್ಲಿ ರಕ್ತ ಒಸರಿದ ಗುರುತಾಗಿ ಕಾಣುವ ಚುಕ್ಕೆಗಳಲ್ಲಿ ಹೊಸದು ಒಂದೂ ಇಲ್ಲ, ಹಳೆಯವು ಇದ್ದಲ್ಲೇ ಇವೆ ಅಂದರು. ಈ ನೆಪದಲ್ಲಿ ಶಿಡ್ಲಘಟ್ಟದ ಕೆಲವರಿಗೆ ಕೈಮುಗಿಯಬೇಕು.

ಮೊದಲು ನಮ್ಮ ರೇಷ್ಮೆ ನೂಲಿನ ಯೂನಿಟ್‌ನ ಹೆಣ್ಣುಮಕ್ಕಳಿಗೆ. ನನ್ನ ಬಾಯಿ ಓರೆಯಾಗಿದ್ದು, ಬಲಗೈ ಜೋತುಬಿದ್ದಿದ್ದು ಕಂಡವರು ಅವರೇ. 'ಅಣ್ಣಂಗೆ ಮಾತು ತೊದಲ್ತಿದೆ, 108ಕ್ಕೆ ಫೋನ್ ಮಾಡ್ರೋ' ಎಂದು ಕೂಗಿದ್ದೂ ಅವರೇ. ಯಾರೋ ಹಾರ್ಟಿನ ಮಾತ್ರೆ ಅಂತ ಆಸ್ಪಿರಿನ್ ತಂದರಂತೆ. ಪಕ್ಕದ ಮೆಡಿಕಲ್ ಶಾಪಿನ ಹುಡುಗ ಕೊಡಲು ಬಿಡಲಿಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಸ್ಕ್ಯಾನ್ ಆಗುವವರೆಗೆ ಗೊತ್ತಾಗಲ್ಲ, ಒಡೆದಿದ್ದರೆ ಆಸ್ಪಿರಿನ್‌ನಿಂದ ರಕ್ತಸ್ರಾವ ಹೆಚ್ಚಬಹುದು, ಅಲ್ವಾ? ನನ್ನದು ಒಡೆದಿತ್ತು.

ಆಮೇಲೆ ಚುಕ್ಕೆಗಳ ಗಾಬರಿ. ರಿಪೋರ್ಟಿನಲ್ಲಿ 'ಮೈಕ್ರೋಬ್ಲೀಡ್ಸ್' ಅಂತ ಓದಿ ನನ್ನ ಹೆಂಡತಿ ಅವತ್ತು ಊಟ ಮಾಡಲಿಲ್ಲ. ಬೆಂಗಳೂರಿನ ಡಾಕ್ಟರಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಮೆಣಸಿನ ಪುಡಿ ಉದುರಿದ ಹಾಗೆ ಕರಿ ಚುಕ್ಕೆಗಳು. ಸಣ್ಣ ನಾಳಗಳಿಂದ ಹಿಂದೆ ಯಾವಾಗಲೋ ಒಸರಿದ ರಕ್ತದ ಕಬ್ಬಿಣದ ಅಂಶ ಅಲ್ಲೇ ಉಳಿದಿರುತ್ತದಂತೆ. ಎಸ್‌ಡಬ್ಲ್ಯುಐ ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಳಿಸುವ ಮಾತ್ರೆ ಇಲ್ಲ, ಆಪರೇಷನ್ನೂ ಬೇಕಿಲ್ಲ. ಮೆದುಳಿನ ಆಳದಲ್ಲಿದ್ದರೆ ಸಾಮಾನ್ಯವಾಗಿ ಬಿಪಿಯ ಕೆಲಸ. ವಯಸ್ಸಾದವರಿಗೆ ಹೊರಭಾಗದಲ್ಲಷ್ಟೇ ಇದ್ದರೆ, ನಾಳದ ಗೋಡೆಯಲ್ಲಿ ಅಮೈಲಾಯ್ಡ್ ಅನ್ನುವ ಪ್ರೋಟೀನ್ ಸೇರಿಕೊಂಡಿರಬಹುದು. ನನ್ನವು ಆಳದವು. ಬಿಪಿ 130/80ರ ಒಳಗಿರಲಿ, ಕೇಳದೆ ಆಸ್ಪಿರಿನ್ನಾಗಲಿ ನೋವಿನ ಮಾತ್ರೆಯಾಗಲಿ ನುಂಗಬೇಡಿ ಅಂದರು. 'ಏನೂ ಇಲ್ಲ, ಹೋಗಿ' ಅಂತ ಸುಮ್ನೆ ಕಳಿಸಬಹುದಿತ್ತು. ಹಾಗೆ ಮಾಡದ್ದಕ್ಕೆ ಅವರಿಗೆ ದೊಡ್ಡ ನಮಸ್ಕಾರ.

ಫಿಸಿಯೋಥೆರಪಿ ಮಾಡಿಸಿದ ಹುಡುಗನಿಗೆ ಇನ್ನೊಂದು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ನನಗೆ ಬೇಜಾರಾಗಿತ್ತು. ಬೇಯಿಸಿದ ರೇಷ್ಮೆಗೂಡು ತನ್ನಿ ಅಂದ. ಬಿಸಿ ಆರಿದ ನೀರಲ್ಲಿ ಗೂಡು ಹಾಕಿ, ಎಳೆಯ ತುದಿ ಹುಡುಕಿ, ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯಬೇಕು. ಎಳೆ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ. ಎಷ್ಟೋ ಸಲ ಅತ್ತಿದ್ದೇನೆ. ಈಗ ಸಿಗುತ್ತದೆ. ಯೂನಿಟ್‌ನ ಹೆಣ್ಣುಮಕ್ಕಳಷ್ಟು ಚುರುಕಾಗಿ ಅಲ್ಲ, ಅಷ್ಟು ಚುರುಕು ನನಗೆ ಮೊದಲೂ ಇರಲಿಲ್ಲ ಬಿಡಿ.

ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ನಗುತ್ತಾಳೆ. ಬೆಳಿಗ್ಗೆ ಸಂಜೆ ಬಿಪಿ ನೋಡಿ, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುವವಳು ಅವಳೇ. ಉಪ್ಪಿನಕಾಯಿ, ಹಪ್ಪಳ ಎಲ್ಲಿಟ್ಟಿದ್ದಾಳೋ ಇವತ್ತಿಗೂ ಗೊತ್ತಿಲ್ಲ.

ಒಂದು ಭಾನುವಾರ ಎಲ್ಲರೂ ಮನೆಗೆ ಬನ್ನಿ. ಮುದ್ದೆ, ಬಸ್ಸಾರು ಮಾಡಿಸುತ್ತೇನೆ. ಉಪ್ಪು ಮಾತ್ರ ನೀವೇ ಹಾಕಿಕೊಳ್ಳಬೇಕು.